ಅವ್ವ ಕೂಡದ ಸೀಟು

ನಾನು ಕಾರು ಕೊಂಡದ್ದು ಅವ್ವನ ಸಲುವಾಗಿ. ಈ ಮಾತು ಎತ್ತಿದರೆ ಸಾಕು, ಹೆಂಡತಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಾಳೆ. ಹೋಗಲಿ. ಮೊಣಕಾಲು ನೋವಿನಿಂದ ಅವ್ವನಿಗೆ ಬಸ್ಸಿನ ಮೆಟ್ಟಿಲು ಏರುವುದೇ ಆಗದಂತಾದಾಗ, ಇನ್ನು ಮನೆಗೊಂದು ಗಾಡಿ ಬೇಕೇ ಬೇಕು ಎಂದು ಮೊದಲು ಅಂದವನು ನಾನು. ಅದಕ್ಕೆ ಸಾಕ್ಷಿ ಅವ್ವನೇ ಇದ್ದಾಳೆ. ಸಾಕ್ಷಿ ಹೇಳುತ್ತಾಳೋ ಇಲ್ಲವೋ, ಅದು ಬೇರೆ ಮಾತು.

ಅವ್ವನಿಗೆ ಹೋಗಬೇಕಾಗಿದ್ದದ್ದು ಒಂದೇ ಊರಿಗೆ, ಶಿರಗುಪ್ಪಿಗೆ. ಅಲ್ಲಿ ಅವಳ ಅಕ್ಕ, ಅಂದರೆ ನಮ್ಮ ದೊಡ್ಡವ್ವ ಇದ್ದಾಳೆ. ನಾವಿರುವುದು ಕಬ್ಬೂರಿನಲ್ಲಿ. ನಡುವೆ ರಾಯಬಾಗ, ಆಮೇಲೆ ಕೃಷ್ಣೆಯ ಸೇತುವೆ, ಉದ್ದಕ್ಕೂ ಕಬ್ಬು. ದೊಡ್ಡವ್ವನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ನರ ಒಣಗುತ್ತಿದೆ, ಇನ್ನು ಇದ್ದಷ್ಟು ದಿನ ಇದ್ದೀತು ಎಂದು ಮಿರಜದ ಡಾಕ್ಟರು ಹೇಳಿ ಕಳಿಸಿದ್ದರು. ಅವಳೇ ಇತ್ತ ಬರಲಿ ಎಂದರೆ, ಹಾಸಿಗೆ ಬಿಟ್ಟು ಕಟ್ಟೆಯ ತನಕ ಬಂದರೆ ಅದೇ ಅವಳಿಗೆ ಯಾತ್ರೆ. ದಿನಾ ಬೆಳಿಗ್ಗೆ ಅವ್ವ ಬಸ್ತಿಗೆ ಹೋಗಿ ದೇವರಿಗೆ ಕೈಮುಗಿದು ಬಂದ ಮೇಲೆ ಶಿರಗುಪ್ಪಿಗೆ ಫೋನು ಹಚ್ಚಿಕೊಡುವುದು ನನ್ನ ಕೆಲಸ. ಮುಖ ಕಾಣುವಂತೆ ಹಚ್ಚಿಕೊಟ್ಟರೆ ದೊಡ್ಡವ್ವ, ಅಂಗೈಯಷ್ಟು ಗಾಜಿನೊಳಗೆ ನನಗೇನೂ ಕಾಣುವುದಿಲ್ಲ, ಸುಮ್ಮನೆ ಮಾತಾಡು ಎನ್ನುವಳು. ಮಾತು ಮುಗಿಯುವ ಹೊತ್ತಿಗೆ ಅವಳದೊಂದೇ ಸೊಲ್ಲು:

“ನಿನ್ನ ಮಾರಿ ನಂಗ ಕಾಣೂತನಕರ ಒಮ್ಮಿ ಬಂದ ಹೋಗವಾ.”

ಇದನ್ನು ಕೇಳಿಯೇ ನಾನು ಕೊಲ್ಲಾಪುರಕ್ಕೆ ಹೋದದ್ದು. ಹಳೇ ಗಾಡಿ ಮಾರುವವನ ಅಂಗಳದಲ್ಲಿ ಹತ್ತಾರು ಕಾರು ನಿಂತಿದ್ದವು. ಅವ್ವನಿಗೆ ಹತ್ತಲು ಇಳಿಯಲು ಸಲೀಸಾಗಬೇಕು, ಅಷ್ಟೇ ನೋಡಬೇಕು ಎಂದುಕೊಂಡೇ ಹೋಗಿದ್ದೆ. ಆದರೆ ಆ ಪುಣ್ಯಾತ್ಮ ಒಂದು ಕಪ್ಪು ಕಾರಿನ ಬಾಗಿಲು ತೆಗೆದು, ನನ್ನ ಹೆಗಲ ಮೇಲೆ ಕೈಯಿಟ್ಟು ಒಳಗೆ ಬಗ್ಗಿಸಿದ. “ಅಸ್ಸಲ್ ಲೆದರ್ ಹಾಯ್, ದಾದಾ. ವಾಸ ಘ್ಯಾ” ಎಂದ. ಮೂಸಿದೆ. ಹೊಸ ಬೂಟಿನ ಪೆಟ್ಟಿಗೆ ತೆರೆದ ಹಾಗೆ ಘಮ್ಮೆಂದಿತು. ಎಮ್ಮೆಯ ಮೈಯಂತೆ ಮಿರಿಮಿರಿ ಮಿಂಚುವ ಸೀಟು. ಕಬ್ಬೂರಿನಲ್ಲಿ ಕಾರು ಬಹಳ ಇವೆ, ಚರ್ಮದ ಸೀಟಿನದು ಯಾರ ಹತ್ತಿರ ಇದೆ? ಆ ಗಳಿಗೆಯಲ್ಲಿ ಅವ್ವ, ಮೊಣಕಾಲು, ಶಿರಗುಪ್ಪಿ ಎಲ್ಲ ಮರೆತುಹೋದವು. ಸುಳ್ಳು ಯಾಕೆ ಹೇಳಲಿ, ನಾವು ಜೈನರು ಎಂಬುದೂ ಮರೆತುಹೋಯಿತು.

ನಮ್ಮ ಬಸ್ತಿಯ ಹೊರಗೋಡೆಯಲ್ಲಿ ಒಂದು ಮೊಳೆ ಇದೆ. ಚರ್ಮದ್ದು ಯಾವುದೂ ಒಳಗೆ ಹೋಗುವ ಹಾಗಿಲ್ಲ. ಗಂಡಸರು ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ಸೊಂಟದ ಬೆಲ್ಟು ಬಿಚ್ಚಿ ಆ ಮೊಳೆಗೆ ಹಾಕಿ, ಪಾಕೀಟು ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಾರೆ. ನಲವತ್ತು ವರ್ಷ ನಾನೂ ಹಾಗೇ ಮಾಡಿದ್ದೇನೆ. ಅವ್ವನದು ಇನ್ನೂ ಒಂದು ಕೈ ಮೇಲೆ. ನೀರು ಸೋಸಿ ಕುಡಿಯುವವಳು, ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವವಳು. ಅವಳ ಕಾಲಲ್ಲಿ ರಬ್ಬರಿನ ಚಪ್ಪಲಿ ಬಿಟ್ಟು ಬೇರೆಯದನ್ನು ನಾನು ಕಂಡಿಲ್ಲ. ಇಂಥವಳಿಗಾಗಿ ನಾನು ಚರ್ಮದ ಸೀಟಿನ ಕಾರು ತಂದೆ!

ಕಾರು ಅಂಗಳಕ್ಕೆ ಬಂದಾಗ ಅವ್ವ ಕುಂಟುತ್ತಲೇ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಮೂತಿಗೆ ಕುಂಕುಮ ಹಚ್ಚಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು. ಹಿಂದಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟವಳು ಮೂಗು ಅರಳಿಸಿದಳು.

“ಸೀಟ ಯಾತರದೋ ತಮ್ಮಾ?”

ನಾಲಿಗೆಗೆ ಎಲುಬಿಲ್ಲ ನೋಡಿ. ಓಣಿಯ ಮಂದಿಯೆಲ್ಲ ನಿಂತಿದ್ದರು, ಅವರಿಗೂ ಕೇಳಲಿ ಎಂದು ದನಿ ಎತ್ತರಿಸಿ, ಅಸಲ ಚರ್ಮ ಅವ್ವ, ನಮ್ಮ ಊರಿಗೆ ಇದೇ ಮೊದಲು ಎಂದೆ. ಅವ್ವ ಒಳಗಿಟ್ಟ ಕಾಲು ಹೊರಗೆ ತೆಗೆದಳು. ಬಾಗಿಲು ಮುಚ್ಚಿದಳು. ತಟ್ಟೆಯಲ್ಲಿ ಉಳಿದ ಅಕ್ಕಿಕಾಳನ್ನು ಗುಬ್ಬಿಗಳಿಗೆ ಹಾಕಿ ಮನೆಯೊಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನದಿಂದ ನನ್ನ ಉಪಾಯಗಳು ಶುರುವಾದವು. ಮೊದಲು ಬಟ್ಟೆಯ ಕವರು ಹೊಲಿಸಿದೆ. ಅದರ ಮೇಲೆ ಸೊಲ್ಲಾಪುರದ ಚಾದರ ಹಾಸಿದೆ. ಅದೂ ಸಾಲದೆಂದು ಅವಳದೇ ಹಳೇ ಇಳಕಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಮೇಲೆ ಹಾಕಿ, ಈಗ ನೀನು ಕೂಡುವುದು ನಿನ್ನ ಸೀರೆಯ ಮೇಲೆಯೇ ಎಂದು ವಾದ ಮಾಡಿದೆ. ಅವ್ವ ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

“ಹೆಣಕ್ಕ ಶಾಲು ಹೊಚ್ಚಿದ್ರ ಜೀವ ಬರತೈತೇನು?” ಎಂದಳು.

ಹಾಗಾದರೆ ಬಾಡಿಗೆ ಕಾರು ತರಿಸುತ್ತೇನೆ ಎಂದೆ. ಅದಕ್ಕೂ ಒಪ್ಪಲಿಲ್ಲ. ಮನೆಯ ಮುಂದೆ ಮಗನ ಕಾರು ನಿಂತಿರುವಾಗ ತಾಯಿ ಬಾಡಿಗೆ ಗಾಡಿ ಹತ್ತಿದರೆ ಮಂದಿ ನನ್ನ ಮುಖಕ್ಕೆ ಏನೆಂದಾರು ಎಂಬುದು ಅವಳ ಚಿಂತೆ. ಅಕ್ಕನನ್ನು ನೋಡುವ ಆಸೆ ಒಂದು ಕಡೆ, ಮಗನ ಮರ್ಯಾದೆ ಒಂದು ಕಡೆ. ಮಾರಿಬಿಡು ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಮಾರುತ್ತೇನೆ ಎಂದು ನಾನೂ ಅನ್ನಲಿಲ್ಲ, ಆ ಸೀಟಿನ ಮೇಲೆ ನನಗೆ ಅಷ್ಟು ಮೋಹ. ಇದನ್ನು ಈಗ ಬರೆಯುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ನನ್ನ ಮರ್ಯಾದೆ ಉಳಿಸುವ ಅವಳ ರೀತಿ ಎಂಥದೆಂದರೆ, ಮಗ್ಗುಲ ಹಳ್ಳಿಯಲ್ಲಿ ಒಂದು ಮದುವೆ ಬಂತು. ಟ್ರ್ಯಾಕ್ಟರ್ ನಮ್ಮದೇ ತಾನೆ, ಅದು ಬಾಡಿಗೆಯದಲ್ಲವಲ್ಲ ಎಂದು ಅವ್ವ ಟ್ರೇಲರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಕುರ್ಚಿಯನ್ನು ಹಗ್ಗದಿಂದ ಕಟ್ಟಿಸಿ, ಕಬ್ಬು ಏರಿಸುವ ಹಲಗೆಯ ಮೇಲೆ ಇಬ್ಬರ ಕೈ ಹಿಡಿದು ಹತ್ತಿ ಕೊಡೆ ಬಿಚ್ಚಿ ಕೂತಳು. ನಮ್ಮ ಆಳು ಟ್ರ್ಯಾಕ್ಟರ್ ಹೊಡೆದ. ಅವಳನ್ನು ಒಬ್ಬಳನ್ನೇ ಬಿಡಲಾಗದೆ ನಾನು ಕಾರು ತೆಗೆದುಕೊಂಡು ಹಿಂದೆ ಹೊರಟೆ. ಮುಂದೆ ಟ್ರೇಲರಿನಲ್ಲಿ ಕೊಡೆ ಹಿಡಿದ ಅವ್ವ, ಹಿಂದೆ ಖಾಲಿ ಕಾರಿನಲ್ಲಿ ನಾನು, ಚರ್ಮದ ಸೀಟು, ತಣ್ಣನೆಯ ಎ.ಸಿ. ದಾರಿಯುದ್ದಕ್ಕೂ ಹೊಲದಲ್ಲಿದ್ದವರು ಕೆಲಸ ಬಿಟ್ಟು ನಿಂತು ನೋಡಿದರು. ಅವ್ವ ಎಲ್ಲರಿಗೂ ಕೈಬೀಸಿದಳು. ಮದುವೆಮನೆಯಲ್ಲಿ ಮದುಮಗನಿಗಿಂತ ಹೆಚ್ಚು ಮಾತಾದದ್ದು ನನ್ನ ಬಗ್ಗೆ. ಆದರೆ ಶಿರಗುಪ್ಪಿ ಟ್ರೇಲರಿನಲ್ಲಿ ಹೋಗುವಷ್ಟು ಹತ್ತಿರದ ಊರಲ್ಲ.

ಅವ್ವ ಕೂಡದ ಸೀಟನ್ನು ನಾನು ಹಟಕ್ಕೆ ಬಿದ್ದು ಜೋಪಾನ ಮಾಡತೊಡಗಿದೆ. ಚರ್ಮದ ಆರೈಕೆ ಎಂದು ಮೊಬೈಲಿನಲ್ಲಿ ಹುಡುಕಿದರೆ ಸಾಕು, ಹಿಂದಿ ಮಾತಾಡುವ ನೂರು ಮಂದಿ ಬುದ್ಧಿ ಹೇಳಲು ತಯಾರಿದ್ದರು. ಬಿಸಿಲಿಗೆ ನಿಲ್ಲಿಸಬೇಡ ಎಂದ ಒಬ್ಬ. ಹುಣಸೆ ಮರದ ಕೆಳಗಿದ್ದ ಎತ್ತುಗಳನ್ನು ಬಿಸಿಲಿಗೆ ಕಟ್ಟಿ ಅಲ್ಲಿ ಕಾರು ನಿಲ್ಲಿಸಿದೆ. ಎಣ್ಣೆ ಕುಡಿಸು ಎಂದ ಇನ್ನೊಬ್ಬ. ಕೊಬ್ಬರಿ ಎಣ್ಣೆ ಕುಡಿಸಿದೆ, ಔಡಲ ಎಣ್ಣೆ ಕುಡಿಸಿದೆ. ಚಿಕ್ಕೋಡಿಯ ಅಂಗಡಿಯಿಂದ ಒಂದು ಡಬ್ಬಿ ಮೇಣ ತಂದು ಅದನ್ನೂ ತಿಕ್ಕಿದೆ. ತವರಿಗೆ ಬಂದ ಮಗಳ ಕೂಸಿಗೆಂದು ತಂದಿಟ್ಟ ಲೋಶನ್ನು ಒಂದೇ ವಾರದಲ್ಲಿ ಖಾಲಿಯಾದಾಗ ಹೆಂಡತಿ, ಮಗುವಿಗೆ ಎಷ್ಟು ಹಚ್ಚಿದರೂ ಮೈ ಯಾಕೆ ಒಣಗಿಯೇ ಇದೆ ಎಂದು ಕೇಳಿದಳು. ನಾನು ಮಾತು ತಿರುಗಿಸಿದೆ.

ಕೂಡುವವರಿಗೂ ಕಾಯಿದೆ ಮಾಡಿದೆ. ಕಿಸೆಯಲ್ಲಿ ಕೀಲಿಕೈ ಇಟ್ಟುಕೊಂಡು ಕೂಡಬಾರದು, ಸುಣ್ಣದ ಡಬ್ಬಿ ತೆಗೆಯಬಾರದು, ಹೊಲದಿಂದ ಬಂದವರು ಮೊದಲು ಹಿಂದುಗಡೆ ಝಾಡಿಸಿಕೊಳ್ಳಬೇಕು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುವ ನಮ್ಮ ಮಾವನವರು, ಅಂದರೆ ಹೆಂಡತಿಯ ತಂದೆ, ಒಂದು ಲಗ್ನಕ್ಕೆಂದು ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು ಬಂದು ಕೂತರು. ಹಿಂದಿನ ದಿನವಷ್ಟೇ ನಾನು ಔಡಲ ಎಣ್ಣೆ ತಿಕ್ಕಿದ್ದೆ. ಮೊದಲ ತಿರುವಿನಲ್ಲಿ ಮಾವನವರು ಆ ಕಿಟಕಿಯಿಂದ ಈ ಕಿಟಕಿಗೆ ಜಾರಿಬಂದರು. ಎರಡನೆಯ ತಿರುವಿನಲ್ಲಿ ವಾಪಸ್ಸು ಹೋದರು. ಮಂಟಪದಲ್ಲಿ ಇಳಿದು ಗಂಭೀರವಾಗಿ ಮುಂದೆ ನಡೆದವರ ಧೋತರದ ಹಿಂದೆ ಎರಡು ದುಂಡನೆಯ ಎಣ್ಣೆ ಕಲೆ. ಅಂದಿನಿಂದ ಅವರು ನಮ್ಮ ಮನೆಗೆ ಬಸ್ಸಿನಲ್ಲೇ ಬರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಫಜೀತಿ ಇರುವೆಗಳದು. ಬಾಳೆಹಣ್ಣಿನ ಸಿಪ್ಪೆಯ ಒಳಮೈಯಿಂದ ತಿಕ್ಕಿದರೆ ಚರ್ಮ ಹೊಳೆಯುತ್ತದೆ ಎಂದು ಒಬ್ಬ ಮಹಾನುಭಾವ ಹೇಳಿದ್ದ. ಒಂದು ಡಜನ್ ಹಣ್ಣು ತಿಂದು, ಒಂದು ಡಜನ್ ಸಿಪ್ಪೆ ತಿಕ್ಕಿದೆ. ಬೆಳಿಗ್ಗೆ ನೋಡಿದರೆ ಸೀಟಿನ ತುಂಬ ಕೆಂಪಿರುವೆ. ಒದ್ದೆ ಬಟ್ಟೆ ತಂದು ಒರೆಸಬೇಕೆನ್ನುವಷ್ಟರಲ್ಲಿ ಅವ್ವ ಕೋಲೂರಿಕೊಂಡು ಬಂದು ನಿಂತಳು. ಒಂದು ಜೀವ ಸತ್ತರೂ ಅಂದು ಉಪವಾಸ ಎಂದಳು, ನನಗಲ್ಲ, ಅವಳಿಗೆ. ಮುಗಿಯಿತಲ್ಲ! ಸೀಟಿನಿಂದ ಹುಣಸೆ ಮರದ ಬುಡದ ತನಕ ಸಕ್ಕರೆಯ ಗೆರೆ ಎಳೆದೆ. ಗೆರೆಗೆ ಬಾರದ ಮೊಂಡ ಇರುವೆಗಳನ್ನು ನವಿಲುಗರಿಯಿಂದ ಒಂದೊಂದಾಗಿ ಸರಿಸಿದೆ. ಮಧ್ಯಾಹ್ನದ ತನಕ ಇದೇ ಉದ್ಯೋಗ. ಅವ್ವ ಕಾರಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಅಕೋ ಅಲ್ಲೊಂದು, ಹೊಲಿಗೆಯ ಸಂದಿಯಲ್ಲಿ ಇನ್ನೊಂದು ಎಂದು ಉಸ್ತುವಾರಿ ಮಾಡಿದಳು. ಆ ಕಾರಿನ ಇಷ್ಟು ಸಮೀಪ ಅವಳು ಅಲ್ಲಿಯ ತನಕ ಬಂದಿರಲಿಲ್ಲ. ಬಾಗಿಲು ತೆರೆದೇ ಇತ್ತು. ನೆರಳಿನಲ್ಲಿ ಸೀಟು ತಣ್ಣಗೆ ಮಿಂಚುತ್ತಿತ್ತು. ಅವಳ ಮಡಿಲಲ್ಲಿ ಫೋನಿತ್ತು, ಅಂದೂ ದೊಡ್ಡವ್ವ ಅದೇ ಮಾತು ಅಂದಿದ್ದಳು.

ವರ್ಷ ಒಂದಾಗಿ ಎರಡನೆಯದು ಹಿಡಿಯಿತು. ದೊಡ್ಡವ್ವನಿಗೆ ಈಗ ಬೆಳಕಿನಲ್ಲಿ, ಅದೂ ಹತ್ತಿರ ಬಂದರಷ್ಟೇ ಗುರುತು ಸಿಗುತ್ತದೆ ಎಂದು ಶಿರಗುಪ್ಪಿಯಿಂದ ಸುದ್ದಿ ಬಂತು. ಅದೇ ವಾರ ನನ್ನ ಸೀಟಿಗೂ ಕಾಯಿಲೆ ಬಂತು. ಡ್ರೈವರ್ ಸೀಟಿನ ಅಂಚಿನಲ್ಲಿ ಬೊಕ್ಕೆ ಎದ್ದು, ಬೊಕ್ಕೆ ಒಡೆದು, ಸುಲಿದ ಈರುಳ್ಳಿಯಂತೆ ಪದರು ಏಳತೊಡಗಿತು. ಮನೆಯಲ್ಲಿ ಈರುಳ್ಳಿ ಸೇರಿಸದವನಿಗೆ ಈರುಳ್ಳಿಯ ಉಪಮೆ ಯಾಕೆ ಎನ್ನಬೇಡಿ, ಹಾಗೇ ಕಾಣುತ್ತಿತ್ತು. ನನಗೆ ಊಟ ಸೇರಲಿಲ್ಲ. ಚರ್ಮ ತಿಳಿದವರಿಗೇ ತೋರಿಸಬೇಕೆಂದು ಕಾರನ್ನು ನೇರ ಅಥಣಿಗೆ ಹೊಡೆದೆ.

ಅಥಣಿಯಲ್ಲಿ ನನಗೆ ಇಪ್ಪತ್ತು ವರ್ಷದಿಂದ ಚಪ್ಪಲಿ ಮಾಡಿಕೊಡುವ ಕಾಕಾ ಇದ್ದಾರೆ. ಅವರ ಓಣಿಗೆ ಹೊಕ್ಕರೆ ಮನೆಮನೆಯ ಮುಂದೆ ಸುತ್ತಿಗೆಯ ಸದ್ದು, ಹದ ಮಾಡಿದ ಚರ್ಮದ ವಾಸನೆ. ಎಪ್ಪತ್ತು ದಾಟಿದ್ದರೂ ಕಾಕಾ ಇನ್ನೂ ಕೈಯಿಂದಲೇ ಹೆಣೆಯುತ್ತಾರೆ. ನನ್ನ ಸೀಟಿನ ಕಥೆಯನ್ನೆಲ್ಲ ಕೇಳಿ, ಕನ್ನಡಕ ಒರೆಸಿಕೊಂಡು ಕಾರಿನ ಹತ್ತಿರ ಬಂದರು. ಹೆಬ್ಬೆರಳಿನಿಂದ ಒತ್ತಿದರು. ಎದ್ದ ಪದರನ್ನು ಉಗುರಿನಿಂದ ಎತ್ತಿ ಹಿಂದೆಮುಂದೆ ನೋಡಿದರು. ಏನೇನು ಹಚ್ಚಿದ್ದೀರಿ ಎಂದು ಕೇಳಿದರು. ನಾನು ಕೊಬ್ಬರಿ ಎಣ್ಣೆಯಿಂದ ಹಿಡಿದು ಬಾಳೆಸಿಪ್ಪೆಯ ತನಕ ಹೇಳಿದೆ. ಅವರು ನನ್ನ ಬೋಳುತಲೆಯನ್ನು ಒಮ್ಮೆ ನೋಡಿದರು.

“ಇಷ್ಟ ಎಣ್ಣಿ ತಲಿಗೆ ತಿಕ್ಕೊಂಡಿದ್ರ ನಾಕ ಕೂದಲರ ಉಳೀತಿದ್ದುವಲ್ರಿ, ಸಾವಕಾರ್ರ. ಇದು ಚರ್ಮ ಅಲ್ರಿ. ರೆಗ್ಜಿನ್. ನೋಡ್ರಿ, ಬೆನ್ನಿಗೆ ಬಟ್ಟಿ ಐತಿ. ದನದ ಚರ್ಮಕ್ಕ ಯಾರು ಬಟ್ಟಿ ಹಚ್ಚಿ ಹುಟ್ಟಸ್ತಾರ?”

ಇಂಗು ತಿಂದ ಮಂಗನ ಹಾಗೆ ನಿಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹರಿದ ಕಡೆ ಬಲೆಯಂಥ ಬಟ್ಟೆ ನನಗೇ ಕಾಣುತ್ತಿತ್ತು. ಮೂಸಿದ್ದೆನಲ್ಲ, ಘಮ್ಮೆಂದಿತಲ್ಲ ಎಂದರೆ, ಆ ವಾಸನೆ ಶೀಸೆಯಲ್ಲಿ ಸಿಗುತ್ತದೆ, ಹೊಡೆದರೆ ಒಂದು ತಿಂಗಳು ಇರುತ್ತದೆ ಎಂದರು ಕಾಕಾ. ಕೊಲ್ಲಾಪುರದವನನ್ನು ಮನಸ್ಸಿನಲ್ಲೇ ಮರಾಠಿಯಲ್ಲಿ ಬೈದೆ, ಸಾಲದೆಂದು ಕನ್ನಡದಲ್ಲೂ ಬೈದೆ. ಬೈಯುತ್ತಿರುವಾಗಲೇ ತಲೆಗೆ ಹೊಳೆಯಿತು. ಚರ್ಮ ಅಲ್ಲ ಎಂದಾದರೆ ಅವ್ವ ಕೂಡಬಹುದಲ್ಲ! ಮೋಸ ಹೋದದ್ದಕ್ಕೆ ಇಷ್ಟು ಖುಷಿಪಟ್ಟವನು ನಮ್ಮ ತಾಲೂಕಿನಲ್ಲಿ ಇನ್ನೊಬ್ಬ ಇರಲಾರ. ಕಾಕಾಗೆ ಕೈಮುಗಿದು, ಅದೇ ಕಾಲಲ್ಲಿ ಊರಿಗೆ ಓಡಿಬಂದು, ಅಂಗಳದಿಂದಲೇ ಕೂಗಿ ಹೇಳಿದೆ. ಸೀಟು ಚರ್ಮದ್ದಲ್ಲ, ರೆಗ್ಜಿನ್, ನಾಳೆಯೇ ಶಿರಗುಪ್ಪಿಗೆ ಹೋಗೋಣ.

ಅವ್ವ ಕಾಳು ಆರಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

“ಮಂದಿ ಮುಂದ ಚರ್ಮ. ಅವ್ವನ ಮುಂದ ರೆಗ್ಜಿನ್. ನಿನ್ನ ಬಾಯಾಗ ದನಾನ ನೀನ ಹುಟ್ಟಸ್ತಿ, ನೀನ ಸಾಯಸ್ತಿ.”

ಹರಿದ ಕಡೆ ತೋರಿಸಿದೆ. ಹರಿದದ್ದಕ್ಕೆ ನೀನೇ ಬಟ್ಟೆ ಹಚ್ಚಿರುತ್ತೀ ಎಂದಳು. ಹೆಂಡತಿಯಾದರೂ ನನ್ನ ಕಡೆ ಮಾತಾಡಬೇಕೋ ಬೇಡವೋ? ಅವಳು ನನ್ನ ಒಂದು ವರ್ಷದ ಬಡಾಯಿಯನ್ನೆಲ್ಲ ಒಂದೊಂದಾಗಿ ನೆನಪಿಸಿದಳು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನು ಕರೆದು ಸೀಟು ಮುಟ್ಟಿಸಿದ್ದು, ರಾಯಬಾಗದ ಸಂತೆಯಲ್ಲಿ ಬಾಗಿಲು ತೆರೆದೇ ನಿಲ್ಲಿಸಿದ್ದು, ಅವಳ ಅಪ್ಪನ ಧೋತರ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ. ಸುಳ್ಳನ್ನು ನಿಜವೆಂದು ಊರೆಲ್ಲ ನಂಬಿತ್ತು, ನಿಜವನ್ನು ಮನೆಯ ಇಬ್ಬರೂ ನಂಬಲೊಲ್ಲರು. ನನಗೆ ಅಳು ಬರುವಷ್ಟಾಯಿತು. ದೊಡ್ಡವ್ವನ ಕಣ್ಣು ಆರುವ ಮೊದಲು ನಿನ್ನನ್ನು ಮುಟ್ಟಿಸಬೇಕು, ಅದಕ್ಕಾದರೂ ನಂಬು ಎಂದೆ. ಆಗ ಅವ್ವ ತಲೆ ಎತ್ತಿದಳು.

“ಆ ಅಥಣಿ ಕಾಕಾನ್ನ ಕರ್ಕೊಂಡ ಬಾ. ಅವ್ರ ಹೇಳಲಿ. ಅವರ ಮಾತ ನಂಬತೀನಿ.”

ಮರುದಿನ ಬೆಳಿಗ್ಗೆ ಮತ್ತೆ ಅಥಣಿ. ಕಾಕಾ ಕೆಲಸ ಬಿಟ್ಟು ಬಂದರು, ಅದು ಅವರ ದೊಡ್ಡತನ. ದಾರಿಯಲ್ಲಿ ನಾನು, ನಮ್ಮ ಅವ್ವನ ಮುಂದೆ ಹೌದೋ ಅಲ್ಲವೋ ಎಂದು ಎಳೆಯಬೇಡಿ, ಒಂದೇ ಮಾತಿನಲ್ಲಿ ಹೇಳಿಬಿಡಿ ಎಂದು ಪಾಠ ಮಾಡಿದೆ. ಕಾಕಾ ಕಿಟಕಿಯ ಹೊರಗೆ ನೋಡುತ್ತಲೇ, ತಾನು ಚರ್ಮದ ವಿಷಯದಲ್ಲಿ ಸುಳ್ಳು ಹೇಳುವವನಲ್ಲ, ನಿನ್ನೆ ನೋಡಿದ್ದು ಮುಂದಿನ ಸೀಟು ಮಾತ್ರ ಎಂದರು. ಕೆಲವು ಗಾಡಿಗಳಲ್ಲಿ ಒಂದು ಸೀಟಿಗೆ ನಕಲಿ, ಇನ್ನೊಂದಕ್ಕೆ ಅಸಲಿ ಹಾಕಿರುತ್ತಾರಂತೆ, ಹಿಂದಿನ ಸೀಟು ಇನ್ನೂ ನೋಡಬೇಕಂತೆ. ಅವ್ವ ಕೂಡುವುದೇ ಹಿಂದೆ! ಒಂದು ವರ್ಷ ಇದು ಅಸಲಿ ಇರಲಿ ಎಂದು ಸೀಟನ್ನು ಸವರಿದವನು, ದೇವರೇ ಇದು ಪೂರಾ ನಕಲಿ ಇರಲಿ ಎಂದು ಬೇಡಿಕೊಳ್ಳುತ್ತ ಗಾಡಿ ಹೊಡೆದೆ.

ನಮ್ಮ ಅಜ್ಜನ ಕಾಲದಲ್ಲಿ ಚಪ್ಪಲಿ ತಂದವರು ಅಂಗಳದ ಬಾಗಿಲಲ್ಲೇ ನಿಂತು ಕೊಟ್ಟು ಹೋಗುತ್ತಿದ್ದರು, ಅದನ್ನು ನಾನೇ ಕಂಡಿದ್ದೇನೆ. ಅಂದು ಅವ್ವ ಕಟ್ಟೆಯ ಮೇಲೆ ತನ್ನ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ತಾನೇ ಎಳೆದು ಹಾಕಿದ್ದಳು. ಕಾಕಾ ಕೂತು ನೀರು ಕುಡಿದು, ಚಹಾ ಕುಡಿದು, ಒಂದು ಕತ್ತರಿ ಕೇಳಿದರು. ಹಿಂದಿನ ಸೀಟಿನ ಕೆಳಗೆ ಮಡಚಿದ ಅಂಚಿನಿಂದ ಉಗುರಿನಷ್ಟು ತುಂಡು ಕತ್ತರಿಸಿದರು. ನನ್ನ ಕರುಳೇ ಕತ್ತರಿಸಿದಂತಾಯಿತು.

“ಅಕ್ಕಾರ, ಇದು ಚರ್ಮ ಇದ್ರ ಸುಟ್ಟ ಕೂದಲಾ ನಾರಿದಂಗ ನಾರತೈತಿ. ನಾ ಹೇಳೂದು ಬ್ಯಾಡ, ನೀವ ವಾಸನಿ ನೋಡ್ರಿ” ಎಂದರು.

ತುಂಡನ್ನು ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿದರು. ಕರ್ರನೆಯ ಹೊಗೆ ಎದ್ದು, ತುಂಡು ಕರಗಿ ತೊಟ್ಟಾಗಿ ತೊಟ್ಟಿಕ್ಕಿತು. ಅವ್ವ ಮೂಗು ಮುಂದೆ ಚಾಚಿದಳು. ಒಮ್ಮೆ ಮೂಸಿ ಕಣ್ಣು ಮುಚ್ಚಿದಳು, ಮತ್ತೊಮ್ಮೆ ಮೂಸಿದಳು.

“ಗೊಬ್ಬರದ ಚೀಲ ಸುಟ್ಟಂಗ ಐತಲ್ಲ” ಎಂದಳು.

ಕಾಕಾ ಹೌದೆಂದು ಗೋಣು ಹಾಕಿದರು. ಅವ್ವನ ಮುಖ ಆಗ ಅರಳಿದ್ದನ್ನು ಹೇಗೆ ಬರೆಯಲಿ? ಸೊಸೆಯನ್ನು ಕೂಗಿ, ಹೋಳಿಗೆ ಕಟ್ಟು, ಅಕ್ಕನಿಗೆ ಬೇಸನ್ ಉಂಡೆ ತೆಗೆದಿಡು, ನೀನೂ ಹೊರಡು, ಇವತ್ತೇ ಹೋಗಬೇಕು ಎಂದಳು. ಎದ್ದು ಎರಡು ಹೆಜ್ಜೆ ಇಟ್ಟವಳು ನಿಂತು, ಗಾಡಿಯಲ್ಲಿ ಬೇರೆ ಎಲ್ಲೂ ಚರ್ಮ ಇಲ್ಲವಷ್ಟೇ ಎಂದು ಕಾಕಾನನ್ನು ಕೇಳಿದಳು. ಸುಮ್ಮನೆ ಕೇಳಿದ ಮಾತು. ಕಾಕಾ ಸುಮ್ಮನೆ ಉತ್ತರ ಕೊಟ್ಟಿದ್ದರೆ ಆಗುತ್ತಿತ್ತು. ಅವರು ನನ್ನ ಮುಖ ನೋಡಿದರು, ನಾನು ಕಣ್ಣಿನಲ್ಲೇ ಬೇಡಿಕೊಂಡೆ, ಏನು ಬೇಡಿಕೊಳ್ಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

“ಐತ್ರಿ ಅಕ್ಕಾರ. ಸ್ಟೇರಿಂಗಿನ ಕವರ್ ಅಸಲ ಚರ್ಮ ಐತಿ. ಚೊಲೋ ಮಾಲು.”

ಅದು ನಿಪ್ಪಾಣಿ ಹೆದ್ದಾರಿಯ ಪಕ್ಕ ಗೂಡಂಗಡಿಯಲ್ಲಿ ಕೊಂಡದ್ದು. ರೆಗ್ಜಿನ್ ಇದ್ದೀತೆಂದು ಒಂದು ದಿನ ಅದನ್ನು ಒರೆಸಿದವನಲ್ಲ, ಬಜಿ ತಿಂದ ಕೈಯಲ್ಲೇ ಹಿಡಿಯುತ್ತಿದ್ದೆ. ಆ ಇಡೀ ಕಾರಿನಲ್ಲಿ ಅಸಲಿ ಚರ್ಮ ಇದ್ದದ್ದು ಅದೊಂದೇ, ಎಣ್ಣೆಯ ಹನಿ ಕಾಣದೆ ಇದ್ದದ್ದೂ ಅದೊಂದೇ. ಕವರು ಬಿಚ್ಚಿ ಕಟ್ಟೆಯ ಮೇಲಿಟ್ಟೆ. ಅವ್ವ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಚಪ್ಪಲಿ ಬಿಡು ಎಂದಳು, ಅದು ಕಾಕಾ ಮಾಡಿಕೊಟ್ಟದ್ದೇ. ಬೆಲ್ಟು ಬಿಚ್ಚು ಎಂದಳು. ಪಾಕೀಟನ್ನು ಹೆಂಡತಿ ತಾನೇ ಇಸಿದುಕೊಂಡಳು. ಬಸ್ತಿಗೆ ಹೋಗುವಾಗ ಬಿಡುವುದಿಲ್ಲವೇ, ಹಾಗೆಂದು ತಿಳಿದುಕೋ ಎಂದಳು ಅವ್ವ. ವರ್ಷದಿಂದ ವರ್ಷಕ್ಕೆ ನಾನು ದಪ್ಪಗಾಗುತ್ತೇನೆ ಎಂದು ಸಡಿಲಾಗಿ ಹೊಲಿಸಿದ ಪ್ಯಾಂಟದು. ಕೂತರೆ ನಿಲ್ಲುತ್ತಿತ್ತು, ನಿಂತರೆ ನಿಲ್ಲುತ್ತಿರಲಿಲ್ಲ.

ಅವ್ವ ಹಿಂದಿನ ಸೀಟಿನಲ್ಲಿ ಕೂತಳು. ಮೊದಲು ತುದಿಯಲ್ಲಿ, ಆಮೇಲೆ ಪೂರಾ ಒರಗಿ. ಮೆತ್ತಗಿದೆ ಎಂದಷ್ಟೇ ಅಂದಳು. ಕಾಕಾನನ್ನು ಅಥಣಿಯ ಬಸ್ಸಿಗೆಂದು ರಾಯಬಾಗದ ಸ್ಟ್ಯಾಂಡಿನಲ್ಲಿ ಇಳಿಸಿದೆವು. ಅವ್ವ ಕಿಟಕಿಯಿಂದ ಅವರಿಗೆ ಉಂಡೆಯ ಗಂಟು ಕೊಟ್ಟಳು. ಮುಂದೆ ಬರಿಗಾಲಲ್ಲಿ ಬ್ರೇಕು ಒತ್ತುತ್ತ, ಸೇತುವೆ ದಾಟಿ, ಮಧ್ಯಾಹ್ನದ ಹೊತ್ತಿಗೆ ಶಿರಗುಪ್ಪಿ ಮುಟ್ಟಿಸಿದೆ.

ದೊಡ್ಡವ್ವನನ್ನು ಕಟ್ಟೆಗೆ ತಂದು ಕೂಡಿಸಿದ್ದರು. ಅವ್ವ ಹತ್ತಿರ ಹೋಗಿ ಅಕ್ಕಾ ಎಂದಳು. ದೊಡ್ಡವ್ವ ಎರಡೂ ಕೈಯಿಂದ ತಂಗಿಯ ಗದ್ದ ಹಿಡಿದು, ಮುಖವನ್ನು ಬಿಸಿಲಿನ ಕಡೆ ತಿರುಗಿಸಿ, ಬಗ್ಗಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಹಣೆಯ ಮೇಲಿನ ಗಾಯದ ಗುರುತು ಸಿಕ್ಕಿತು, ಅದು ಸಣ್ಣವರಿದ್ದಾಗ ತಾನೇ ಕಲ್ಲು ಒಗೆದದ್ದು ಎಂದಳು. ಕಾಣುತ್ತಿದೆ, ಕಾಣುತ್ತಿದೆ ಎಂದು ಇಬ್ಬರೂ ಅತ್ತರು. ನಾನು ಕಾರಿನ ಬಾಗಿಲಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತು ಅತ್ತೆ. ಒಂದು ವರ್ಷದ ಮೊದಲೇ ಇದು ಆಗಬೇಕಾಗಿತ್ತು, ಆಗ ಬಿಸಿಲಿಗೆ ತಿರುಗಿಸಬೇಕಾಗಿರಲಿಲ್ಲ.

ಕಾರಿನ ಮಾತು ಬಂದೇ ಬಂತು. ಗಾಡಿ ಇದ್ದೂ ಇಷ್ಟು ದಿನ ಯಾಕೆ ಬರಲಿಲ್ಲ, ನಿನ್ನ ಮಗ ಚರ್ಮದ ಸೀಟಿನ ಗಾಡಿ ತಂದಿದ್ದಾನೆಂದು ಯಾರೋ ಅಂದರಲ್ಲ ಎಂದು ದೊಡ್ಡವ್ವ ಕೇಳಿದಳು. ನನ್ನ ಬಡಾಯಿ ಕೃಷ್ಣೆಯನ್ನೂ ದಾಟಿತ್ತು. ಅವ್ವ ನನ್ನ ಕಡೆ ನೋಡಲಿಲ್ಲ.

“ಯಾರಂದ್ರಕ್ಕಾ? ಅವ್ವಗ ಚರ್ಮ ನಡಿಯೂದಿಲ್ಲಂತ ಊರೂರು ತಿರಗಿ, ಕೊಲ್ಲಾಪುರದಾಗ ಹುಡುಕಿ ಹುಡುಕಿ ರೆಗ್ಜಿನ್ ಸೀಟಿಂದ ತಂದಾನ ನನ್ನ ಮಗ. ನನ್ನ ಮೊಣಕಾಲ ನೋವಿಲೆ ಬರೂದ ತಡಾ ಆತು.”

ದೊಡ್ಡವ್ವ, ಇಂಥ ಮಗ ಎಲ್ಲರಿಗೂ ಸಿಗಲಿ ಎಂದು ನನ್ನನ್ನು ಹತ್ತಿರ ಕರೆದಳು. ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಇನ್ನೊಂದು ಕೈಯಿಂದ ಅವಳ ಕಾಲು ಮುಟ್ಟಿದೆ. ಕಣ್ಣು ಕಾಣದಿದ್ದರೂ ಅವಳಿಗೆ ಕೈಯ ಲೆಕ್ಕ ತಪ್ಪಲಿಲ್ಲ, ಒಂದೇ ಕೈಯಿಂದ ಎಂಥ ನಮಸ್ಕಾರ ಎಂದಳು. ಹೆಂಡತಿ ಹಿಂದಿನಿಂದ ಬಂದು ನನ್ನ ಪ್ಯಾಂಟಿನ ನಡು ಗಟ್ಟಿಯಾಗಿ ಹಿಡಿದುಕೊಂಡಳು. ಎರಡೂ ಕೈಯಿಂದ ಮುಟ್ಟಿದೆ. ನಾಚಿಕೆಯಿಂದ ತಲೆ ಮೇಲೆತ್ತಲು ಆಗಲಿಲ್ಲ, ಅದು ಪ್ಯಾಂಟಿನ ನಾಚಿಕೆಯಲ್ಲ.

ಹೊತ್ತು ಮುಳುಗುವ ಮೊದಲೇ ಉಣ್ಣಬೇಕೆಂದು ಅಲ್ಲಿಯೇ ಉಣ್ಣಿಸಿ ಕಳಿಸಿದರು. ವಾಪಸ್ಸು ಬರುವಾಗ ಅವ್ವ ದಾರಿಯುದ್ದಕ್ಕೂ ಸೀಟನ್ನು ಕೈಯಿಂದ ಸವರುತ್ತ ಕೂತಿದ್ದಳು. ಕಬ್ಬೂರು ಬಂದಾಗ ಮನೆಯ ಕಡೆ ತಿರುಗಿಸಿದೆ. ಹಿಂದಿನಿಂದ ದನಿ ಬಂತು.

“ಮದಲ ಬಸ್ತಿ ಮುಂದ ನಿಲ್ಲಸು. ಇವತ್ತ ನಿನ್ನ ಸಲುವಾಗಿ ಒಂದ ಸುಳ್ಳ ಹೇಳೀನಿ. ದೇವರಿಗೆ ಹೇಳಿ ಬರತೀನಿ.”

ನಿಲ್ಲಿಸಿದೆ. ಹೆಂಡತಿಯ ಕೈ ಹಿಡಿದು ಅವಳು ಮೆಟ್ಟಿಲು ಏರಿದಳು. ಹೊರಗೋಡೆಯ ಮೊಳೆಯಲ್ಲಿ ಯಾರದೋ ಬೆಲ್ಟು ತೂಗುತ್ತಿತ್ತು. ತೂಗುಹಾಕಲು ನನ್ನ ಸೊಂಟದಲ್ಲಿ ಏನೂ ಇರಲಿಲ್ಲ, ಬಿಡಲು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪ್ಯಾಂಟು ಹಿಡಿದುಕೊಂಡು ನಾನೂ ಅವಳ ಹಿಂದೆಯೇ ಒಳಗೆ ಹೋದೆ.